ಯಾವ ಗಳೆಯಲ್ಲಿ ಎಷ್ಟು ಡೆಸಿಬೆಲ್?

ಪೀಣ್ಯದ ಒಂದು ಫ್ಯಾಬ್ರಿಕೇಶನ್ ಶೆಡ್ಡು. ಎರಡು ದಪ್ಪ ಉಕ್ಕಿನ ಪ್ಲೇಟುಗಳನ್ನು ಕೂಡಿಸಿದ ವೆಲ್ಡಿಂಗ್ ಪಕ್ಕದಲ್ಲಿ ಸೀಮೆಸುಣ್ಣದಿಂದ ಬರೆದ ಎರಡು ಅಂಕಿಗಳಿದ್ದವು. ಮೇಲೆ −1, ಅದರ ಕೆಳಗೆ ಬೇರೆ ಕೈಬರಹದಲ್ಲಿ +4. ಮೊದಲನೆಯದು ಶೆಡ್ಡಿನವರೇ ಕರೆಸಿದ್ದ ಪರೀಕ್ಷಕ ಹುಡುಗನದು, ಎರಡನೆಯದು ಮಾಲು ಕೊಳ್ಳುವವರ ಕಡೆಯಿಂದ ಬಂದ ಹಿರಿಯರದು. ಇಬ್ಬರೂ ನೋಡಿದ್ದು ಒಂದೇ ಜಾಗದ ಒಂದೇ ದೋಷವನ್ನು. −1 ಸರಿಯಾದರೆ ವೆಲ್ಡಿಂಗ್ ಪಾಸು. +4 ಸರಿಯಾದರೆ ಅದನ್ನು ಕೆತ್ತಿ ತೆಗೆದು ಮತ್ತೆ ತುಂಬಬೇಕು, ಒಂದು ದಿನದ ಕೆಲಸ ಹೋದಂತೆ.

"ನನ್ನ ಬ್ಲಾಕ್ ಮೇಲೆ ನೋಡಿದ್ರೆ ಗೆರೆಯಿಂದ ಕೆಳಗೇ ಇದೆ ಸರ್," ಅಂದ ಹುಡುಗ.

"ಬ್ಲಾಕ್ ನುಣ್ಣಗಿದೆಯಪ್ಪ. ಪ್ಲೇಟ್ ಮೇಲಿನ ತುಕ್ಕು ಕೆರೆದು ನೋಡಿದ್ಯಾ?"

ಕೆರೆದಿರಲಿಲ್ಲ. ಕೆರೆದು, ಗೋಂದಿನಂಥ ಪೇಸ್ಟನ್ನು ಮತ್ತೆ ಬಳಿದು ನೋಡಿದಾಗ ಹುಡುಗನ ಅಂಕಿ ಎರಡು ಏರಿತು. ಉಳಿದ ಮೂರು ಡಿಬಿಗೆ, ಅಂದರೆ ಡೆಸಿಬೆಲ್ಲಿಗೆ, ಇಬ್ಬರಲ್ಲೂ ಉತ್ತರವಿರಲಿಲ್ಲ.

ಆ ಮೂರು ಡಿಬಿಯ ಜಗಳಕ್ಕೆ ಎಂಬತ್ತು ವರ್ಷಗಳ ಇತಿಹಾಸವಿದೆ. ಉಕ್ಕಿನೊಳಗೆ ಶ್ರವಣಾತೀತ ಧ್ವನಿ ಕಳಿಸಿ, ಮರಳಿ ಬಂದ ಮಾರ್ದನಿಯನ್ನು ಡೆಸಿಬೆಲ್‌ನಲ್ಲಿ ಹೇಳುವಾಗ ನಾವು ನಿಜಕ್ಕೂ ಅಳೆಯುತ್ತಿರುವುದು ಏನನ್ನು? ಧ್ವನಿಯನ್ನೋ, ಬಿರುಕನ್ನೋ, ಯಂತ್ರವನ್ನೋ?

ನಮ್ಮ ಹಳೆಯ ಭೂದಾನದ ಶಾಸನಗಳಲ್ಲಿ ಇಷ್ಟು ಮತ್ತರು ಕೊಟ್ಟೆವು ಎಂದಷ್ಟೇ ಬರೆದು ಕೈಬಿಡುತ್ತಿರಲಿಲ್ಲ, ಯಾವ ಗಳೆಯಿಂದ ಅಳೆದ ಮತ್ತರು ಎಂದೂ ಹೇಳುವುದಿತ್ತು. ಬಳ್ಳಿಗಾವೆಯ ಕಡೆ ‘ಭೇರುಂಡ ಗಳೆ’ಯ ಹೆಸರು ಬರುತ್ತದೆ. ಊರೂರಿಗೆ ಅಳತೆಯ ಕೋಲು ಬೇರೆಯಾದಾಗ ಬರೀ ಸಂಖ್ಯೆಯಿಂದ ಹೊಲದ ಗಡಿ ತೀರ್ಮಾನವಾಗುವುದಿಲ್ಲ. ಡೆಸಿಬೆಲ್ಲಿನದೂ ಇದೇ ಕತೆ. ಅದು ಲೀಟರಿನಂತೆ, ಮೀಟರಿನಂತೆ ತನ್ನ ಕಾಲ ಮೇಲೆ ನಿಂತ ಮಾನವಲ್ಲ, ಎರಡರ ನಡುವಿನ ಅನುಪಾತ. ಅಲ್ಟ್ರಾಸಾನಿಕ್ ಪರೀಕ್ಷೆಯ ಪಂಥಗಳೆಲ್ಲ ಬೇರೆಬೇರೆಯಾಗಿರುವುದು ಯಾವ ಗಳೆಯನ್ನು ಹಿಡಿಯಬೇಕು ಎಂಬ ಒಂದೇ ಪ್ರಶ್ನೆಯ ಮೇಲೆ.

ಟೆಲಿಫೋನ್ ತಂತಿಯಿಂದ ಉಕ್ಕಿನೊಳಕ್ಕೆ

1920ರ ದಶಕದ ಆರಂಭದವರೆಗೂ ಅಮೆರಿಕದ ಬೆಲ್ ದೂರವಾಣಿ ಸಂಸ್ಥೆಯವರು ತಂತಿಯಲ್ಲಿ ಮಾತು ಎಷ್ಟು ಸೊರಗಿತು ಎಂಬುದನ್ನು ‘ಪ್ರಮಾಣಿತ ಕೇಬಲ್ಲಿನ ಮೈಲಿ’ಗಳಲ್ಲಿ ಹೇಳುತ್ತಿದ್ದರು. ನಿಮ್ಮ ಲೈನಿನಲ್ಲಿ ಆಗುವ ನಷ್ಟ ಇಂತಿಷ್ಟು ಮೈಲಿ ಪ್ರಮಾಣಿತ ಕೇಬಲ್ಲಿನಲ್ಲಿ ಆಗುವ ನಷ್ಟಕ್ಕೆ ಸಮ ಎಂದು ಲೆಕ್ಕ. ತೊಂದರೆಯೆಂದರೆ ಆ ಮೈಲಿಯೇ ಚಂಚಲ. ಧ್ವನಿಯ ಆವೃತ್ತಿ ಬದಲಾದರೆ ಅದರ ನಷ್ಟವೂ ಬದಲಾಗುತ್ತಿತ್ತು. ಅದಕ್ಕೇ 1924ರ ಹೊತ್ತಿಗೆ ಬರೀ ಅನುಪಾತದ ಲಾಗರಿದಮ್ ಮೇಲೆ ನಿಂತ ‘ಟ್ರಾನ್ಸ್‌ಮಿಷನ್ ಯೂನಿಟ್’ ಬಂತು. 1928ರಲ್ಲಿ ಅದಕ್ಕೆ ಡೆಸಿಬೆಲ್ ಎಂದು ಮರುನಾಮಕರಣವಾಯಿತು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಹೆಸರಿನ ‘ಬೆಲ್’, ಅದರ ಹತ್ತರಲ್ಲೊಂದು ಭಾಗ. ಯುರೋಪಿನಲ್ಲಿ ಇದರ ದಾಯಾದಿಯೊಂದು ಇತ್ತು, ಈಗಲೂ ಇದೆ. ಲಾಗರಿದಮ್‌ನ ಜನಕ ಜಾನ್ ನೇಪಿಯರ್ ಹೆಸರಿನ ನೇಪರ್. ಒಂದು ನೇಪರ್ ಅಂದರೆ ಸುಮಾರು 8.69 ಡೆಸಿಬೆಲ್.

ಹೀಗೆ ಡೆಸಿಬೆಲ್ ಹುಟ್ಟಿದ್ದು ಸದ್ದು ಅಳೆಯುವುದಕ್ಕಲ್ಲ, ಹೋದದ್ದೆಷ್ಟು ಬಂದದ್ದೆಷ್ಟು ಎಂದು ಹೋಲಿಸುವುದಕ್ಕೆ. ನಾವು ಪತ್ರಿಕೆಗಳಲ್ಲಿ ಓದುವ ಡೆಸಿಬೆಲ್ ಇದರ ಒಂದು ಬಳಕೆ ಮಾತ್ರ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಎಂದು ಮಿತಿ ಹಾಕಿರುವಾಗ ಅಲ್ಲಿ ಗಳೆ ನಿಗದಿಯಾಗಿದೆ: ಗಾಳಿಯಲ್ಲಿ 20 ಮೈಕ್ರೊಪಾಸ್ಕಲ್ ಒತ್ತಡ, ಅಂದರೆ ಹೆಚ್ಚುಕಡಿಮೆ ಆರೋಗ್ಯವಂತ ಕಿವಿಗೆ ಕೇಳಲು ಶುರುವಾಗುವ ಸದ್ದು. ನೀರಿನೊಳಗೆ ಅಳೆಯುವವರು ಹಿಡಿಯುವ ಗಳೆ 1 ಮೈಕ್ರೊಪಾಸ್ಕಲ್. ಅಷ್ಟರಿಂದಲೇ ಒಂದೇ ಒತ್ತಡದ ಅಂಕಿ ನೀರಿನಲ್ಲಿ 26 ಜಾಸ್ತಿ ಕಾಣುತ್ತದೆ. ತಿಮಿಂಗಿಲದ ಕೂಗನ್ನು ವಿಮಾನದ ಸದ್ದಿಗೆ ಹೋಲಿಸಿ ಬೆರಗುಪಡುವ ಬರಹಗಳಲ್ಲಿ ಅರ್ಧಕ್ಕರ್ಧ ಈ ಗುಂಡಿಗೆ ಬಿದ್ದಿರುತ್ತವೆ.

ಡೆಸಿಬೆಲ್ಲಿಗೆ ಹೆಸರಿಟ್ಟ ಅದೇ 1928ರಲ್ಲಿ ಲೆನಿನ್‌ಗ್ರಾಡ್‌ನ ಸೆರ್ಗೆಯ್ ಸೊಕೊಲೊವ್ ಲೋಹದೊಳಗಿನ ದೋಷಗಳನ್ನು ಶ್ರವಣಾತೀತ ಧ್ವನಿಯಿಂದ ಹುಡುಕಬಹುದೆಂದು ಹೇಳಿದ. ಅವನದು ಒಂದು ಕಡೆಯಿಂದ ಕಳಿಸಿ ಇನ್ನೊಂದು ಕಡೆ ಹಿಡಿಯುವ ವಿಧಾನ. ಒಂದೇ ಕಡೆಯಿಂದ ತುಣುಕು ಧ್ವನಿ ಕಳಿಸಿ ಅದರ ಮಾರ್ದನಿ ಕೇಳುವ ಯಂತ್ರಕ್ಕೆ ಮಿಷಿಗನ್ ವಿಶ್ವವಿದ್ಯಾಲಯದ ಫ್ಲಾಯ್ಡ್ ಫೈರ್‌ಸ್ಟೋನ್ 1940ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 1942ರಲ್ಲಿ ಅದು ಮಂಜೂರಾಯಿತು. ಇಂಗ್ಲೆಂಡಿನಲ್ಲಿ ಡೊನಾಲ್ಡ್ ಸ್ಪ್ರೌಲ್, ಯುದ್ಧ ಮುಗಿದ ಮೇಲೆ ಕಲೋನ್‌ನಲ್ಲಿ ಕ್ರೌಟ್‌ಕ್ರೇಮರ್ ಸಹೋದರರು ಇದೇ ದಾರಿ ಹಿಡಿದರು. ಇವತ್ತು ಯಲಹಂಕದ ರೈಲು ಗಾಲಿ ಕಾರ್ಖಾನೆಯ ಅಚ್ಚುಗಳಿಂದ ಹಿಡಿದು ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನ ಸಂಯುಕ್ತ ವಸ್ತುಗಳವರೆಗೆ ಎಲ್ಲದರ ಒಳಗನ್ನೂ ನೋಡುವ ಅಲ್ಟ್ರಾಸಾನಿಕ್ ಪರೀಕ್ಷೆಯ ಬೇರು ಅಲ್ಲಿದೆ.

ಗೇನ್ ತಿರುಗಿಸುವವನ ಲೆಕ್ಕ

ಪರೀಕ್ಷಕನ ಪರದೆಯ ಮೇಲೆ ಮಾರ್ದನಿ ಒಂದು ಮೊನೆಯಾಗಿ ಏಳುತ್ತದೆ. ಪರದೆ ಓದಲು ಬರುವುದು ಸುಮಾರು 5 ಶೇಕಡದಿಂದ 100 ಶೇಕಡ ಎತ್ತರದವರೆಗೆ, ಅಂದರೆ ಇಪ್ಪತ್ತು ಪಟ್ಟು, 26 ಡಿಬಿ. ಆದರೆ ಉಕ್ಕಿನೊಳಗಿಂದ ಬರುವ ಮಾರ್ದನಿಗಳ ನಡುವಿನ ಅಂತರ ಸಾವಿರ ಪಟ್ಟು, ಹತ್ತು ಸಾವಿರ ಪಟ್ಟು ಇದ್ದೀತು. ಹಾಗಾಗಿ ಪರದೆಯ ಎತ್ತರವನ್ನು ಒಂದೇ ಕಡೆ, ಸಾಮಾನ್ಯವಾಗಿ 80 ಶೇಕಡದಲ್ಲಿ ನಿಲ್ಲಿಸಿಟ್ಟು, ಅಲ್ಲಿಗೆ ತರಲು ಎಷ್ಟು ಗೇನ್, ಅಂದರೆ ವರ್ಧನೆ, ಬೇಕಾಯಿತು ಎಂದು ನೋಡುತ್ತಾರೆ. 6 ಡಿಬಿ ಅಂದರೆ ಎರಡು ಪಟ್ಟು, 12 ಅಂದರೆ ನಾಲ್ಕು, 20 ಅಂದರೆ ಹತ್ತು, 100 ಡಿಬಿ ಅಂದರೆ ಒಂದು ಲಕ್ಷ ಪಟ್ಟು. ಗುಣಾಕಾರವೆಲ್ಲ ಕೂಡುವ ಕಳೆಯುವ ಲೆಕ್ಕವಾಗುತ್ತದೆ. ಗ್ರೀಸ್ ಮೆತ್ತಿದ ಕೈಯಲ್ಲಿ, ಏಣಿಯ ಮೇಲೆ ನಿಂತು, ಕ್ಯಾಲ್ಕುಲೇಟರ್ ಇಲ್ಲದೆ ಮಾಡಬಹುದಾದ ಲೆಕ್ಕ. ಡೆಸಿಬೆಲ್ ಈ ಕಸುಬಿನಲ್ಲಿ ಬೇರುಬಿಟ್ಟಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಹೊಸಬರನ್ನು ತಬ್ಬಿಬ್ಬು ಮಾಡುವ ಸಂಗತಿಯೂ ಇಲ್ಲೇ ಇದೆ. ಗೇನ್ ಅಂಕಿ ಧ್ವನಿಯ ಜೋರನ್ನು ಹೇಳುವುದಿಲ್ಲ, ಧ್ವನಿಗೆ ನಾವು ಕೊಡಬೇಕಾದ ಒತ್ತಾಸೆಯನ್ನು ಹೇಳುತ್ತದೆ. ದೊಡ್ಡ ದೋಷ ಜೋರಾಗಿ ಕೂಗುತ್ತದೆ, ಅದಕ್ಕೆ 34 ಸಾಕು. ಸಣ್ಣದು ಪಿಸುಗುಡುತ್ತದೆ, ಅದಕ್ಕೆ 52 ಬೇಕು. ದೋಷ ಹಿಗ್ಗಿದಷ್ಟೂ ಅಂಕಿ ಕುಗ್ಗುತ್ತದೆ.

ಹಾಗಾದರೆ 34 ಎಂಬ ಅಂಕಿಗೆ ಏನರ್ಥ? ಒಂಟಿಯಾಗಿ ಯಾವ ಅರ್ಥವೂ ಇಲ್ಲ. ಧ್ವನಿ ಕಳಿಸಿ ಹಿಡಿಯುವ ಪ್ರೋಬ್ ಬದಲಿಸಿದರೆ, ಕೇಬಲ್ ಬದಲಿಸಿದರೆ, ಯಂತ್ರ ಹೊರಡಿಸುವ ವೋಲ್ಟೇಜ್ ಬದಲಾದರೆ ಅದೇ ದೋಷಕ್ಕೆ 41 ಬಂದೀತು. ಗೊತ್ತಿರುವ ಒಂದು ವಸ್ತುವಿನ ಮಾರ್ದನಿಗೆ ಎಷ್ಟು ಬೇಕಾಯಿತು ಎಂದು ನೋಡಿ ಕಳೆದಾಗ ಮಾತ್ರ ಅದಕ್ಕೆ ಜೀವ ಬರುತ್ತದೆ. ಆ ಗೊತ್ತಿರುವ ವಸ್ತು ಯಾವುದು? ಪಂಥಗಳು ಒಡೆಯುವುದು ಇಲ್ಲಿ.

ತೂತು ಕೊರೆಯುವವರು

ಅತಿ ಹಳೆಯ, ಅತಿ ನೆಚ್ಚಿನ ದಾರಿ ಇದು. ಪರೀಕ್ಷಿಸಬೇಕಾದ ಉಕ್ಕಿನದೇ ತುಂಡು, ಅಂದರೆ ‘ಬ್ಲಾಕ್’, ತೆಗೆದುಕೊಂಡು ಅದರ ಪಕ್ಕದಿಂದ, ಬೇರೆಬೇರೆ ಆಳದಲ್ಲಿ, ಒಂದೇ ವ್ಯಾಸದ ತೂತುಗಳನ್ನು ಕೊರೆಯುವುದು. ಒಂದೊಂದರ ಮಾರ್ದನಿಯನ್ನೂ ಪರದೆಯ ಮೇಲೆ ಗುರುತಿಸಿ ಮೊನೆಗಳನ್ನು ಕೂಡಿಸಿ ಗೆರೆ ಎಳೆದರೆ ಆಳ ಹೆಚ್ಚಿದಂತೆ ಇಳಿಯುವ ಒಂದು ವಕ್ರರೇಖೆ ಸಿಗುತ್ತದೆ. ಕಸುಬಿನವರು ಇದನ್ನು ‘ಡ್ಯಾಕ್’ ಎನ್ನುತ್ತಾರೆ. ದೋಷದ ಮಾರ್ದನಿ ಈ ಗೆರೆಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬುದೇ ತೀರ್ಪು. ಅಮೆರಿಕದ ಬಾಯ್ಲರ್ ಸಂಹಿತೆಯಾದ ಎಎಸ್‌ಎಂಇ ಇದನ್ನೇ ನೆಚ್ಚಿಕೊಂಡು ಬಂದಿದೆ. ಶೆಡ್ಡಿನ ಆ −1, +4 ಅಂಕಿಗಳು ಇದೇ ಗೆರೆಗೆ ಹೋಲಿಸಿದವು.

ಈ ಪಂಥದ ಬಲ ಅದರ ಪ್ರಾಮಾಣಿಕತೆಯಲ್ಲಿದೆ. ಪ್ರೋಬಿನ ಗುಣ, ಉಕ್ಕಿನಲ್ಲಿ ಧ್ವನಿ ಕ್ಷೀಣಿಸುವ ಬಗೆ, ಕಿರಣ ಹರಡುವ ರೀತಿ ಯಾವುದನ್ನೂ ಲೆಕ್ಕ ಹಾಕುವ ಗೋಜಿಲ್ಲ. ಎಲ್ಲವೂ ತೂತಿನ ಮಾರ್ದನಿಯೊಳಗೇ ಬಂದಿರುತ್ತವೆ. ದೌರ್ಬಲ್ಯವೂ ತೂತಿನಲ್ಲೇ ಇದೆ. ಬಿರುಕು ತೂತಲ್ಲ. ಉರುಳೆಯಾಕಾರದ ತೂತು ಯಾವ ದಿಕ್ಕಿನಿಂದ ನೋಡಿದರೂ ಒಂದೇ ರೀತಿ ಮಾರ್ದನಿ ಕೊಡುತ್ತದೆ, ಬಿರುಕು ಓರೆಯಾಗಿದ್ದರೆ ಧ್ವನಿಯನ್ನು ಬೇರೆ ಕಡೆಗೆ ಚಿಮ್ಮಿಸಿಬಿಡುತ್ತದೆ.

ಜೊತೆಗೆ ಒಂದು ಗಣಿತದ ಕೊಕ್ಕೆಯೂ ಇದೆ. ಪ್ರೋಬಿನಿಂದ ಸಾಕಷ್ಟು ದೂರದಲ್ಲಿ ಪಕ್ಕದಿಂದ ಕೊರೆದ ತೂತಿನ ಮಾರ್ದನಿ ವ್ಯಾಸದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಚಪ್ಪಟೆ ತಳದ ತೂತಿನ, ಅಂದರೆ ಪುಟ್ಟ ತಟ್ಟೆಯಂಥ ಮೇಲ್ಮೈಯ ಮಾರ್ದನಿ ಏರುವುದು ವ್ಯಾಸದ ವರ್ಗಕ್ಕೆ ತಕ್ಕಂತೆ. ಹಾಗಾಗಿ ‘6 ಡಿಬಿ ಜಾಸ್ತಿ’ ಎಂದಾಗ ತಟ್ಟೆಯ ಲೆಕ್ಕದಲ್ಲಿ ವ್ಯಾಸ ಹೆಚ್ಚೂಕಡಿಮೆ 1.4 ಪಟ್ಟು, ಪಕ್ಕದ ತೂತಿನ ಲೆಕ್ಕದಲ್ಲಿ ನಾಲ್ಕು ಪಟ್ಟು! ದೂರ ಇಮ್ಮಡಿಯಾದಾಗಲೂ ಅಷ್ಟೇ: ಹಿಂಬದಿಯ ಗೋಡೆಯ ಮಾರ್ದನಿ 6 ಡಿಬಿ ಇಳಿದರೆ, ಪಕ್ಕದ ತೂತಿನದು 9, ತಟ್ಟೆಯದು 12. ಗಳೆ ಯಾವುದೆಂದು ಹೇಳದೆ ಡಿಬಿ ಹೇಳುವುದು ಎಷ್ಟು ಅಪಾಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ.

ತಟ್ಟೆಯನ್ನು ಕಲ್ಪಿಸಿಕೊಳ್ಳುವವರು

ಎರಡು ಮೀಟರ್ ವ್ಯಾಸದ ಟರ್ಬೈನ್ ರೋಟರಿಗೆ ತೂತು ಕೊರೆದ ತುಂಡು ಎಲ್ಲಿಂದ ತರುವುದು? 1950ರ ದಶಕದಲ್ಲಿ ಜರ್ಮನರು ಬೇರೆ ದಾರಿ ಹುಡುಕಿದರು. ಯೋಸೆಫ್ ಕ್ರೌಟ್‌ಕ್ರೇಮರ್ 1959ರಲ್ಲಿ ಪ್ರಕಟಿಸಿದ ಚಿತ್ರಪಟದಲ್ಲಿ ಮೂರು ಸಂಗತಿಗಳು ಸೇರಿವೆ: ದೂರ, ಗೇನ್, ಗಾತ್ರ. ಜರ್ಮನ್ ಮೊದಲಕ್ಷರಗಳಿಂದ ಎವಿಜಿ, ಇಂಗ್ಲಿಷಿನಿಂದ ಡಿಜಿಎಸ್. ಇಲ್ಲಿ ಗಳೆ ನಿಜವಾದ ವಸ್ತುವೇ ಅಲ್ಲ, ಧ್ವನಿಕಿರಣಕ್ಕೆ ನೆಟ್ಟಗೆ ನಿಂತ ಒಂದು ಆದರ್ಶ ತಟ್ಟೆ. ಅದರ ಮಾರ್ದನಿಯನ್ನು ಗಣಿತದಿಂದ ತೆಗೆದು, ಹಿಂಬದಿಯ ಗೋಡೆಯ ಮಾರ್ದನಿಗೆ ಹೋಲಿಸಲಾಗುತ್ತದೆ. ಆ ಗೋಡೆ ಪ್ರತಿ ರೋಟರಿನಲ್ಲೂ ತಾನಾಗಿಯೇ ಇರುತ್ತದೆ.

ಕೈಯಲ್ಲೇ ಮಾಡಿ ನೋಡಬಹುದು. ಉಕ್ಕಿನಲ್ಲಿ ನೇರಧ್ವನಿಯ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. 4 ಮೆಗಾಹರ್ಟ್ಸ್ ಪ್ರೋಬಿನಲ್ಲಿ ಅಲೆಯುದ್ದ 1.5 ಮಿಲಿಮೀಟರಿಗೆ ಚೂರು ಕಡಿಮೆ. 200 ಮಿಲಿಮೀಟರ್ ಆಳದಲ್ಲಿ 3 ಮಿಲಿಮೀಟರ್ ತಟ್ಟೆಯ ಮಾರ್ದನಿ ಅದೇ ಆಳದ ಗೋಡೆಯ ಮಾರ್ದನಿಗಿಂತ ಸುಮಾರು 26 ಡಿಬಿ ಕೆಳಗಿರುತ್ತದೆ, ಇಪ್ಪತ್ತರಲ್ಲೊಂದು ಪಾಲು. ಪ್ರೋಬನ್ನು 2 ಮೆಗಾಹರ್ಟ್ಸ್‌ಗೆ ಬದಲಿಸಿದರೆ ಅಂತರ 32ಕ್ಕೆ ಹೋಗುತ್ತದೆ. ಹೀಗೆ ಒಂದೂ ತೂತು ಕೊರೆಯದೆ ‘ಈ ದೋಷ 3 ಮಿಲಿಮೀಟರ್ ತಟ್ಟೆಗೆ ಸಮ’ ಎಂದು ಹೇಳಬಹುದು.

‘ಸಮ’ ಎಂಬ ಮಾತಿನಲ್ಲೇ ಎಲ್ಲ ಇದೆ. ದೋಷ 3 ಮಿಲಿಮೀಟರ್ ಇದೆ ಎಂದು ಈ ಪಂಥದವರು ಹೇಳುವುದಿಲ್ಲ. 3 ಮಿಲಿಮೀಟರ್ ತಟ್ಟೆಯಷ್ಟು ಮಾರ್ದನಿ ಕೊಡುತ್ತಿದೆ ಎನ್ನುತ್ತಾರೆ. ಒರಟಾದ, ಓರೆಯಾದ, ಮುರುಟಿದ ನಿಜದ ದೋಷ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದೇ. ಈ ಎಚ್ಚರ ವರದಿ ಬರೆಯುವವನಿಗೆ ಇರುತ್ತದೆ, ವರದಿ ಓದುವ ಮ್ಯಾನೇಜರ್ ಮೇಜಿಗೆ ಹೋಗುವಷ್ಟರಲ್ಲಿ ‘ಸಮ’ ಉದುರಿ ‘3 ಮಿಲಿಮೀಟರ್’ ಮಾತ್ರ ಉಳಿದಿರುತ್ತದೆ.

ಸೂತ್ರ ಹಾಕಿ ಮುಗಿಸುವವರು

ಅಮೆರಿಕದ ಉಕ್ಕಿನ ಕಟ್ಟಡಗಳ ವೆಲ್ಡಿಂಗ್ ಸಂಹಿತೆ ಎಡಬ್ಲ್ಯುಎಸ್ ಡಿ1.1 ಇನ್ನೂ ಸರಳ. ಗಳೆ ಒಂದೇ, ಪ್ರಮಾಣಿತ ಬ್ಲಾಕಿನಲ್ಲಿರುವ 1.5 ಮಿಲಿಮೀಟರ್ ತೂತು. ದೂರದ ನಷ್ಟಕ್ಕೆ ಗೆರೆ ಎಳೆಯುವ ಕೆಲಸವಿಲ್ಲ. ಮೊದಲ ಇಂಚು ಬಿಟ್ಟು ಮುಂದಿನ ಪ್ರತಿ ಇಂಚಿಗೆ 2 ಡಿಬಿ ಕಳೆ. ದೋಷಕ್ಕೆ ಬೇಕಾದ ಗೇನ್ 52, ಬ್ಲಾಕಿನದು 40, ಧ್ವನಿ ಸಾಗಿದ ದಾರಿ 4 ಇಂಚು ಎಂದುಕೊಳ್ಳಿ. 52ರಲ್ಲಿ 40 ಕಳೆದು, 6 ಕಳೆದು, ಉಳಿದದ್ದು +6. ಕೋಷ್ಟಕ ನೋಡಿ ತೀರ್ಪು.

ಇಲ್ಲಿ ಅಂಕಿ ಚಿಕ್ಕದಾದಷ್ಟೂ ದೋಷ ದೊಡ್ಡದು. ಪೀಣ್ಯದ ಪ್ಲೇಟಿನ ಮೇಲಿನ +4 ಡ್ಯಾಕ್ ಲೆಕ್ಕದಲ್ಲಿ ‘ಗೆರೆ ದಾಟಿದೆ’ ಎಂಬ ಎಚ್ಚರಿಕೆ. ಅಮೆರಿಕದ ಕಟ್ಟಡದ ಮೇಲೆ ಅದೇ ಸೀಮೆಸುಣ್ಣದ +4 ‘ಬ್ಲಾಕಿನ ತೂತಿಗಿಂತ ಕಡಿಮೆ ಮಾರ್ದನಿ’ ಎಂದಾಗುತ್ತದೆ. ಎರಡೂ ಬಗೆಯ ಆರ್ಡರುಗಳನ್ನು ಒಂದೇ ವಾರದಲ್ಲಿ ಮುಗಿಸುವ ಶೆಡ್ಡುಗಳು ನಮ್ಮಲ್ಲಿವೆ. ಇಂಚಿಗೆ ಎರಡು ಡಿಬಿ ಎಂಬ ಸೂತ್ರ ಒಂದು ನಿರ್ದಿಷ್ಟ ಗಾತ್ರದ, 2ರಿಂದ 2.5 ಮೆಗಾಹರ್ಟ್ಸ್‌ನ ಪ್ರೋಬನ್ನು ಕಟ್ಟಿಕೊಂಡಿದೆ ಎಂಬುದು ಟೀಕಾಕಾರರ ಮಾತು. ಸಂಹಿತೆಯವರಿಗೂ ಅದು ಗೊತ್ತು. ಅನುಬಂಧದಲ್ಲಿ ಪರ್ಯಾಯ ವಿಧಾನಕ್ಕೆ ಜಾಗ ಕೊಟ್ಟಿದ್ದಾರೆ.

ಎತ್ತರವನ್ನೇ ನಂಬದವರು

ಈ ಮೂರು ಪಂಥಗಳೂ ಒಂದನ್ನು ಒಪ್ಪಿಕೊಂಡಿವೆ: ಮಾರ್ದನಿ ಎತ್ತರವಾದಷ್ಟೂ ದೋಷ ಗಂಭೀರ. ಈ ನಂಬಿಕೆಗೆ ಬಲವಾದ ಪೆಟ್ಟು ಬಿದ್ದದ್ದು ಅಣುವಿದ್ಯುತ್ ಜಗತ್ತಿನಲ್ಲಿ. 1970ರ ದಶಕದಲ್ಲಿ ಒಇಸಿಡಿ ಮತ್ತು ಯುರೋಪಿನ ಜಂಟಿ ಸಂಶೋಧನಾ ಕೇಂದ್ರದ ಆಶ್ರಯದಲ್ಲಿ ‘ಪಿಸ್ಕ್’ ಎಂಬ ಯೋಜನೆ ಶುರುವಾಯಿತು. ಅಣುಸ್ಥಾವರದ ಒತ್ತಡಪಾತ್ರೆಗೆ ಬಳಸುವಂಥ ದಪ್ಪ ಉಕ್ಕಿನ ತುಂಡುಗಳಲ್ಲಿ ಬೇಕೆಂದೇ ದೋಷಗಳನ್ನು ಹುದುಗಿಸಿ, ದೇಶದಿಂದ ದೇಶಕ್ಕೆ ಸಾಗಿಸಿ, ಹಲವು ತಂಡಗಳಿಂದ ಪರೀಕ್ಷೆ ಮಾಡಿಸಿದರು. ಆಮೇಲೆ ಉಕ್ಕನ್ನು ಕತ್ತರಿಸಿ ಒಳಗೆ ನಿಜಕ್ಕೂ ಏನಿತ್ತೆಂದು ನೋಡಿದರು.

ಫಲಿತಾಂಶ ಮುಜುಗರ ತರುವಂಥದು. ಎಎಸ್‌ಎಂಇ ಮಾದರಿಯ ವಿಧಾನದಲ್ಲಿ ಡ್ಯಾಕ್ ಗೆರೆಯ ಅರ್ಧ ಎತ್ತರ ಮುಟ್ಟಿದ ಮಾರ್ದನಿಗಳನ್ನು ಮಾತ್ರ ಬರೆದುಕೊಳ್ಳುವ ಪದ್ಧತಿಯಿತ್ತು, ಅಂದರೆ −6 ಡಿಬಿ. ನುಣುಪಾದ, ಓರೆಯಾದ ದೊಡ್ಡ ಬಿರುಕುಗಳು ಈ ಜರಡಿಯಲ್ಲಿ ಸೋರಿಹೋದವು. ಮಿತಿಯನ್ನು ಗೆರೆಯ 20 ಶೇಕಡಕ್ಕೆ, ಅಂದರೆ −14 ಡಿಬಿಗೆ ಇಳಿಸಿದಾಗ ಪರಿಸ್ಥಿತಿ ಬಹಳ ಸುಧಾರಿಸಿತು. ದೊಡ್ಡ ಬಿರುಕು ಕನ್ನಡಿಯಂತೆ. ನೀವು ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಮುಖ ಕಾಣುತ್ತದೆ, ಪಕ್ಕಕ್ಕೆ ಸರಿದರೆ ಕನ್ನಡಿ ಎಷ್ಟೇ ದೊಡ್ಡದಿದ್ದರೂ ನಿಮ್ಮ ಮುಖ ಅದರಲ್ಲಿಲ್ಲ.

ಇದೇ ದಶಕದಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಮಾರಿಸ್ ಸಿಲ್ಕ್ ಎತ್ತರದ ಗೊಡವೆಯನ್ನೇ ಬಿಟ್ಟ ಒಂದು ವಿಧಾನ ರೂಪಿಸಿದರು. ಬಿರುಕಿನ ಎರಡೂ ತುದಿಗಳು ಧ್ವನಿಯನ್ನು ಕ್ಷೀಣವಾಗಿ ಎಲ್ಲ ಕಡೆಗೂ ಚದುರಿಸುತ್ತವೆ. ವಿವರ್ತನೆ ಅಂದರೆ ಇದೇ. ಮೇಲಿನ ತುದಿಯ ಧ್ವನಿ ಯಾವಾಗ ಬಂತು, ಕೆಳಗಿನದು ಯಾವಾಗ ಬಂತು ಎಂಬ ಸಮಯದ ಅಂತರದಿಂದ ಬಿರುಕಿನ ಎತ್ತರವನ್ನು ಮಿಲಿಮೀಟರಿನಲ್ಲೇ ತೆಗೆಯಬಹುದು. ಇದು ‘ಟೋಫ್ಡ್’. ಗಡಿಯಾರಕ್ಕೆ ಗ್ರೀಸಿನ ಹಂಗಿಲ್ಲ. ತುಕ್ಕು ಕೆರೆಯದಿದ್ದರೂ ಧ್ವನಿ ಬರುವ ಹೊತ್ತು ಬದಲಾಗುವುದಿಲ್ಲ.

ಡೆಸಿಬೆಲ್ ವಾದಿಗಳು ಸುಮ್ಮನೆ ಕೂರಲಿಲ್ಲ. ಗಾತ್ರ ಅಳೆಯಲು ಅವರಲ್ಲೂ ಒಂದು ಹಳೆಯ ತಂತ್ರವಿದೆ. ಮಾರ್ದನಿ ಅರ್ಧಕ್ಕೆ ಇಳಿಯುವವರೆಗೆ ಪ್ರೋಬನ್ನು ಸರಿಸಿ, ಅಲ್ಲಿಗೆ ದೋಷದ ಅಂಚು ಬಂತೆಂದು ಗುರುತು ಹಾಕುವುದು, ಅದೇ 6 ಡಿಬಿ ಇಳಿಕೆಯ ವಿಧಾನ. ಧ್ವನಿಕಿರಣಕ್ಕಿಂತ ಅಗಲವಾದ ದೋಷಕ್ಕೆ ಇದು ಸೊಗಸಾಗಿ ಕೂರುತ್ತದೆ. ಕಿರಣಕ್ಕಿಂತ ಚಿಕ್ಕ ದೋಷವಾದರೆ ಅಳತೆಯಾಗುವುದು ಕಿರಣದ ಅಗಲ ಮಾತ್ರ. ಪರೀಕ್ಷಕ ತನ್ನ ಟಾರ್ಚಿನ ಬೆಳಕಿನ ವೃತ್ತವನ್ನೇ ಅಳೆದು ಹಲ್ಲಿಯ ಉದ್ದ ಎಂದಂತೆ. ಟೋಫ್ಡ್‌ಗೂ ತೊಡಕುಗಳಿವೆ. ಮೇಲ್ಮೈಗೆ ಹತ್ತಿರದ ದೋಷ ಅದಕ್ಕೆ ಕಾಣುವುದು ಕಷ್ಟ, ಒರಟು ಕಾಳಿನ ಉಕ್ಕಿನಲ್ಲಿ ತುದಿಯ ಸಣ್ಣ ಧ್ವನಿ ಗದ್ದಲದಲ್ಲಿ ಮುಳುಗುತ್ತದೆ. ನನ್ನ ಅನಿಸಿಕೆ ಹೇಳುವುದಾದರೆ, ‘ಏನಾದರೂ ಇದೆಯೇ?’ ಎಂಬ ಪ್ರಶ್ನೆಗೆ ಡೆಸಿಬೆಲ್ ಒಳ್ಳೆಯ ಸಾಕ್ಷಿ. ‘ಎಷ್ಟು ದೊಡ್ಡದು?’ ಎಂದು ಕೇಳಿದ ಕೂಡಲೇ ಅದು ತೊದಲುತ್ತದೆ.

ಹೆಡ್‌ಫೋನ್ ಹಾಕಿಕೊಂಡವರು

ಇನ್ನೊಂದು ಬಳಗಕ್ಕೆ ಬಿರುಕಿನ ಉಸಾಬರಿಯೇ ಇಲ್ಲ. ಕಂಪ್ರೆಸರ್ ಗಾಳಿ ಎಲ್ಲಿ ಸೋರುತ್ತಿದೆ, ಬೇರಿಂಗ್ ಯಾವಾಗ ಕೈಕೊಡುತ್ತದೆ ಎಂದು ಕಾರ್ಖಾನೆಗಳಲ್ಲಿ ನೋಡುವವರು ಇವರು. ಸೋರುವ ಗಾಳಿ, ಒಣಗಿದ ಬೇರಿಂಗ್ 40 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಚೆನ್ನಾಗಿ ಸದ್ದು ಮಾಡುತ್ತವೆ. ಉಪಕರಣ ಆ ಸದ್ದನ್ನು ಕಿವಿಗೆ ಕೇಳುವ ಮಟ್ಟಕ್ಕೆ ಇಳಿಸಿ ಹೆಡ್‌ಫೋನಿಗೆ ಕೊಡುತ್ತದೆ, ಪರದೆಯ ಮೇಲೆ ಡಿಬಿ ತೋರಿಸುತ್ತದೆ. ಇಲ್ಲಿ ಗಳೆ ಅನೇಕ ವೇಳೆ ಸಂವೇದಕ ಹೊರಡಿಸುವ 1 ಮೈಕ್ರೊವೋಲ್ಟ್. ಅಂದರೆ ಅಳೆಯುತ್ತಿರುವುದು ವಿದ್ಯುತ್ತನ್ನು. ಎರಡು ಕಂಪನಿಗಳ ಉಪಕರಣ ಒಂದೇ ಸೋರಿಕೆಗೆ ಬೇರೆಬೇರೆ ಅಂಕಿ ತೋರಿಸಿದರೆ ಯಾರೂ ಸುಳ್ಳು ಹೇಳುತ್ತಿಲ್ಲ.

ಅನುಭವಿಗಳು ಇದಕ್ಕೊಂದು ಜಾಣ ದಾರಿ ಮಾಡಿಕೊಂಡಿದ್ದಾರೆ. ಬೇರಿಂಗ್ ಚೆನ್ನಾಗಿದ್ದ ದಿನದ ಅಂಕಿಯನ್ನೇ ಗಳೆ ಮಾಡಿಕೊಳ್ಳುವುದು. ಅದಕ್ಕಿಂತ 8 ಡಿಬಿ ಏರಿದರೆ ಗ್ರೀಸ್ ಕೊಡು, 16 ಏರಿದರೆ ಒಳಗೆ ಹಾಳಾಗುತ್ತಿದೆ, 35ಕ್ಕೆ ಹೋದರೆ ಯಂತ್ರ ನಿಲ್ಲಿಸು ಎಂಬ ಬಗೆಯ ರೂಢಿ ನಿಯಮಗಳು ಓಡಾಡುತ್ತವೆ. ಸೋರಿಕೆಯ ವಿಷಯದಲ್ಲಿ ಈ ಉಪಾಯ ನಡೆಯುವುದಿಲ್ಲ, ಎಷ್ಟು ದೂರ ನಿಂತು ಅಳೆದೆ ಎಂಬುದೇ ಅಂಕಿಯನ್ನು ಬದಲಿಸಿಬಿಡುತ್ತದೆ. ಡಿಬಿಯಿಂದ ನೇರವಾಗಿ ‘ವರ್ಷಕ್ಕೆ ಇಷ್ಟು ಲಕ್ಷ ರೂಪಾಯಿ ಗಾಳಿ ಪೋಲು’ ಎಂದು ಹೇಳುವ ಕೋಷ್ಟಕಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಲೋಹ ಬಿರಿಯುವಾಗ ತಾನೇ ಹೊರಡಿಸುವ ಸದ್ದನ್ನು ಹಿಡಿಯುವ ಅಕೂಸ್ಟಿಕ್ ಎಮಿಷನ್ ಪರಿಣತರದೂ ಮೈಕ್ರೊವೋಲ್ಟ್ ಗಳೆಯೇ. ಅವರ 40 ಡಿಬಿ ಅಂದರೆ ಸಂವೇದಕದಲ್ಲಿ 100 ಮೈಕ್ರೊವೋಲ್ಟ್. ಆಸ್ಪತ್ರೆಯ ಸ್ಕ್ಯಾನಿಂಗ್‌ನಲ್ಲಿ ಡೆಸಿಬೆಲ್ ಬರುವುದು ನಷ್ಟದ ಲೆಕ್ಕವಾಗಿ. ಮೃದು ಅಂಗಾಂಶದಲ್ಲಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸ್‌ಗೆ ಸುಮಾರು ಅರ್ಧ ಡಿಬಿ. 5 ಮೆಗಾಹರ್ಟ್ಸ್‌ನಲ್ಲಿ 10 ಸೆಂಟಿಮೀಟರ್ ಹೋಗಿ ಬರುವುದರೊಳಗೆ 50 ಡಿಬಿ ಕರಗಿರುತ್ತದೆ.

ಇವರೆಲ್ಲರ ಮೇಲೆ ಕಣ್ಣಿಟ್ಟವರು ಮಾಪನಶಾಸ್ತ್ರದ ಪಂಡಿತರು. ಅಂತರರಾಷ್ಟ್ರೀಯ ಮಾನಪದ್ಧತಿ ಡೆಸಿಬೆಲ್ಲನ್ನೂ ನೇಪರನ್ನೂ ತನ್ನ ಮಾನಗಳೆಂದು ಎಣಿಸದೆ, ಜೊತೆಗೆ ಬಳಸಬಹುದಾದವು ಎಂದಷ್ಟೇ ಒಪ್ಪಿದೆ. ‘ಡಿಬಿ’ಯ ಬಾಲಕ್ಕೆ ಮೈಕ್ರೊವೋಲ್ಟ್ ಅಂಟಿಸುವುದನ್ನು ಪಂಡಿತರು ಒಪ್ಪುವುದಿಲ್ಲ, ಗಳೆಯನ್ನು ಪ್ರತ್ಯೇಕವಾಗಿ ಬರೆಯಿರಿ ಎನ್ನುತ್ತಾರೆ. ಕಾರ್ಖಾನೆಯವರಿಗೆ ಬಾಲ ಅಂಟಿಸುವುದೇ ವಾಸಿ. ಬಾಲವೂ ಇಲ್ಲದ ಬೋಳು ಡಿಬಿಗಿಂತ ಅದು ನೂರು ಪಾಲು ಮೇಲು ಎಂಬುದಕ್ಕೆ ನನ್ನ ಮತವೂ ಇದೆ.

ಇನ್ನೂ ತೀರದವು

ಪೀಣ್ಯದ ಆ ಮೂರು ಡಿಬಿ ಮೊದಲನೆಯದು. ವೆಲ್ಡಿಂಗ್ ಸ್ವೀಕಾರದ ಐಎಸ್‌ಒ 11666 ಮಾನಕ ಪಕ್ಕದ ತೂತು, ತಟ್ಟೆ, ಗೀರು ಎಂದು ಹಲವು ಗಳೆಗಳಿಗೆ ಅವಕಾಶ ಕೊಟ್ಟು ಒಂದೊಂದಕ್ಕೂ ಮಟ್ಟಗಳನ್ನು ನಿಗದಿ ಮಾಡಿದೆ. ಆದರೆ ಎಲ್ಲ ಗಳೆಗಳೂ ಒಂದೇ ದೋಷಕ್ಕೆ ಒಂದೇ ತೀರ್ಪು ಕೊಡುತ್ತವೆಯೇ? ತೂತಿಗೆ 9, ತಟ್ಟೆಗೆ 12 ಎಂಬ ಭೌತಶಾಸ್ತ್ರವೇ ಹಾಗಾಗಲು ಬಿಡುವುದಿಲ್ಲ. ಒಂದು ಆಳದಲ್ಲಿ ಎರಡನ್ನೂ ಹೊಂದಿಸಿದರೆ ಇನ್ನೊಂದು ಆಳದಲ್ಲಿ ಬೇರೆಯಾಗುತ್ತವೆ. ಯಾವ ಗಳೆ ಹಿಡಿಯಬೇಕೆಂದು ಕರಾರಿನಲ್ಲಿ ಬರೆದುಕೊಳ್ಳಿ ಎನ್ನುವುದು ವ್ಯವಹಾರದ ಪರಿಹಾರ, ವಿಜ್ಞಾನದ್ದಲ್ಲ.

ಬ್ಲಾಕಿಗೂ ನಿಜವಾದ ಪ್ಲೇಟಿಗೂ ಇರುವ ವ್ಯತ್ಯಾಸದ ಪ್ರಶ್ನೆ ಇದಕ್ಕೆ ಹೊಂದಿಕೊಂಡೇ ಇದೆ. ಐಎಸ್‌ಒ 17640ರ ಪ್ರಕಾರ ಈ ವ್ಯತ್ಯಾಸ 2 ಡಿಬಿಯೊಳಗಿದ್ದರೆ ಚಿಂತೆಯಿಲ್ಲ. 2ರಿಂದ 12ರವರೆಗೆ ಇದ್ದರೆ ಗೇನ್‌ನಲ್ಲಿ ಸರಿದೂಗಿಸಬೇಕು. 12 ದಾಟಿದರೆ ಕಾರಣ ಹುಡುಕಬೇಕು. ಪ್ಲೇಟಿನ ಒಂದು ಕಡೆ ಬಣ್ಣ, ಇನ್ನೊಂದು ಕಡೆ ತುಕ್ಕು, ಮಧ್ಯೆ ಬಾಗು ಇದ್ದಾಗ ಎಲ್ಲಿ ಅಳೆದು ಸರಿದೂಗಿಸುವುದು ಎಂಬುದು ಈಗಲೂ ಪರೀಕ್ಷಕನ ವಿವೇಚನೆ. ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗಿನಂಥ ಒರಟು ಕಾಳಿನ ಲೋಹದಲ್ಲಿ ಗೇನ್ ಏರಿಸಿದರೆ ಗದ್ದಲವೂ ಅಷ್ಟೇ ಏರುತ್ತದೆ. ಅಲ್ಲಿ ತೂತಿಗೆ ಹೋಲಿಸುವುದನ್ನು ಬಿಟ್ಟು ಗದ್ದಲಕ್ಕೇ ಹೋಲಿಸಬೇಕೆಂಬ ವಾದ ಬಲವಾಗುತ್ತಿದೆ.

ಹೊಸ ಯಂತ್ರಗಳು ಹೊಸ ಗೊಂದಲ ತಂದಿವೆ. ಹತ್ತಾರು ಪುಟ್ಟ ಪ್ರೋಬುಗಳ ಸಾಲಿನಿಂದ ಸಿಕ್ಕ ಎಲ್ಲ ಸಂಕೇತಗಳನ್ನೂ ಕೂಡಿಹಾಕಿ ಗಣಕಯಂತ್ರ ಒಳಗಿನ ಚಿತ್ರವನ್ನೇ ಬಿಡಿಸುವ ಟಿಎಫ್‌ಎಂ ವಿಧಾನಕ್ಕೆ 2021ರಲ್ಲಿ ಐಎಸ್‌ಒ 23864 ಮತ್ತು 23865 ಮಾನಕಗಳು ಬಂದವು. ಆ ಚಿತ್ರಗಳಲ್ಲಿ ಅನೇಕ ವೇಳೆ ಅತಿ ಪ್ರಕಾಶಮಾನವಾದ ಬಿಂದುವೇ 0 ಡಿಬಿ, ಉಳಿದದ್ದೆಲ್ಲ ಅದಕ್ಕಿಂತ ಕೆಳಗೆ. ತನ್ನ ಮೈಯನ್ನೇ ಗಳೆ ಮಾಡಿಕೊಂಡ ಚಿತ್ರ! ನೋಡಲು ಸುಂದರ, ಎರಡು ಚಿತ್ರಗಳನ್ನು ಹೋಲಿಸಲು ಹೊರಟರೆ ಕಷ್ಟ. ಹಳೆಯ ಡ್ಯಾಕ್ ಮಿತಿಗಳನ್ನು ಇದಕ್ಕೆ ಹೇಗೆ ಒಗ್ಗಿಸುವುದು ಎಂಬ ಚರ್ಚೆ ನಡೆಯುತ್ತಲೇ ಇದೆ. ವಿಮಾನ ರಂಗದವರು ಒಂದು ಅಂಕಿಯ ಮಿತಿಯನ್ನೇ ಬಿಟ್ಟು, ಇಷ್ಟು ಗಾತ್ರದ ಬಿರುಕು ಸಿಕ್ಕುವ ಸಂಭವನೀಯತೆ ಎಷ್ಟು ಎಂಬ ಸಂಖ್ಯಾಶಾಸ್ತ್ರದ ಕಡೆ ಹೊರಳಿದ್ದಾರೆ. ಅದಕ್ಕೆ ಬೇಕಾಗುವಷ್ಟು ನಿಜವಾದ ಬಿರುಕುಗಳ ಮಾದರಿ ಕೂಡಿಸುವ ಖರ್ಚನ್ನು ಪೀಣ್ಯದ ಶೆಡ್ಡು ಹೊರಲಾರದು.

ಕೊನೆಯದು ಹಳೆಯ ದಪ್ಪ ರಿಜಿಸ್ಟರುಗಳದು. ಮೂವತ್ತು, ನಲವತ್ತು ವರ್ಷ ದುಡಿದ ಬಾಯ್ಲರ್, ಸೇತುವೆ, ಒತ್ತಡಪಾತ್ರೆಗಳನ್ನು ಇನ್ನಷ್ಟು ವರ್ಷ ನಡೆಸಬಹುದೇ ಎಂದು ನಿರ್ಧರಿಸುವಾಗ ಆ ದೋಷ ಅಂದಿನಿಂದ ಬೆಳೆದಿದೆಯೇ ಎಂದು ತಿಳಿಯಬೇಕು. ರಿಜಿಸ್ಟರು ತೆರೆದರೆ ಮಸುಕಾದ ಶಾಯಿಯಲ್ಲಿ ‘ಗೇನ್ 34’ ಎಂದಿರುತ್ತದೆ, ಪಕ್ಕದಲ್ಲಿ ಒಂದು ಸಹಿ. ಪ್ರೋಬ್ ಯಾವುದು, ಬ್ಲಾಕ್ ಯಾವುದು ಎಂಬ ಕಾಲಮ್ ಖಾಲಿ. ಸಹಿ ಹಾಕಿದವರು ನಿವೃತ್ತರಾಗಿ ವರ್ಷಗಳಾಗಿರುತ್ತವೆ, ಆ ಯಂತ್ರ ಗುಜರಿಗೆ ಹೋಗಿರುತ್ತದೆ. ಇವತ್ತು ಅದೇ ಜಾಗದಲ್ಲಿ ಹೊಸ ಯಂತ್ರ 31 ತೋರಿಸುತ್ತಿದೆ.